ಓಕ್ ಮರದಡಿಯ ಬಿಳಿ ಮಣ್ಣು

ಗುದ್ದಲಿ ಹಾಕಿದಲ್ಲೆಲ್ಲ ಮಣ್ಣು ಬೂದಿ ಕಲೆಸಿದಂತೆ ಬೆಳ್ಳಗೆ ಏಳುತ್ತಿತ್ತು. ಓಕ್ ಮರಗಳ ಕೆಳಗೆ, ಮನೆತನದ ಗೋರಿಗಳ ಸಾಲಿನಲ್ಲಿ, ಮೊಹೆಯ್ ತನ್ನ ನೆರೆಯವ ಜಿನ್ಪಾಚಿಗಾಗಿ ಗುಂಡಿ ತೋಡುತ್ತಿದ್ದ.

"ಮಣ್ಣಿಗೆ ಬೂಷ್ಟು ಹಿಡಿದದೆ ಅಕ್ಕಾ. ಆ ಕಡೆ ತೋಡ್ಲಾ?"

ಜಿನ್ಪಾಚಿಯ ಹೆಂಡತಿ ಕಿನು ಒಂದು ಹೆಂಟೆ ಎತ್ತಿ ಮೂಸಿದಳು. ಗಂಡನ ಅಂಗಿಯ ವಾಸನೆ. ಬೂಷ್ಟಲ್ಲ, ಅಣಬೆ ಹುಟ್ಟುವ ಹಾಸು. ಅಣಬೆಯ ಜಾಗವನ್ನು ಆ ಊರಲ್ಲಿ ಯಾರೂ ಹೆಂಡತಿಗೂ ಹೇಳುವುದಿಲ್ಲ, ಸಾಯುವಾಗ ಹೇಳುತ್ತಾರೆ. ಜಿನ್ಪಾಚಿಗೆ ಕೊನೆಗೆ ಮಾತೇ ಬಿದ್ದುಹೋಗಿತ್ತು.

ಮೈದುನ ಯಾಸೊಜಿ ಬೆಳಿಗ್ಗೆಯಿಂದ ಬೆನ್ನು ಬಿಟ್ಟಿರಲಿಲ್ಲ. "ನಿಜ ಹೇಳಿ ಅತ್ತಿಗೆ. ಗುಡ್ಡದ ಪೈನೆಲ್ಲ ಒಣಗೋಯ್ತು, ನಿಮ್ಮನೆ ಅನ್ನದಲ್ಲಿ ಮಾತ್ರ ಪೈನ್ ಅಣಬೆ ಘಮ ತಪ್ಪಲಿಲ್ಲ. ನಮಗೆ ಪೆದ್ದ ಅಣಬೆನೂ ಸಿಗಲ್ಲ."

"ಅದಾದ್ರೂ ಸಿಗಬೇಕಿತ್ತಪ್ಪ," ಎಂದ ಮೊಹೆಯ್. "ನಿನ್ನ ಬಳಗಾನೇ ಅಲ್ವಾ."

*

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಜಿನ್ಪಾಚಿ ಕಿನುವಿನ ಮುಂದೆ ತಟ್ಟೆಯಲ್ಲಿ ಎರಡು ಅಣಬೆ ಇಟ್ಟಿದ್ದ. ಹೊರಗೆ ಮಂಜು ಅಂಗಳವನ್ನು ಮೆಲ್ಲಗೆ ಒಯ್ಯುತ್ತಿತ್ತು.

"ಇದು ಪೈನ್ ಕೆಳಗಿನದು, ಇವನು ಅಣ್ಣ. ಚಳಿ ಬೀಳೋವರೆಗೆ ಏಳಲ್ಲ, ಮೈ ಬಿಗಿ. ಇದು ಓಕ್ ಕೆಳಗಿನದು, ಇವನು ತಮ್ಮ. ಸೆಕೆ ಇರುವಾಗ್ಲೇ ಓಡಿ ಬರ್ತದೆ, ಗಿಡ್ಡ, ಮುಟ್ಟಿದ್ರೆ ಮುರೀತದೆ. ಅದಕ್ಕೇ ಪೆದ್ದ ಅಂತಾರೆ. ಕಣ್ಣು ಮುಚ್ಚಿ ಮೂಸು."

ಅವಳ ಕೈ ತಮ್ಮನ ಮೇಲೆ ಬಿತ್ತು. "ಇದರದ್ದೇ ಘಮ ಜಾಸ್ತಿ."

"ಅಣ್ಣ ಇದೇ ಕೊನೇದು. ಇನ್ನು ತಮ್ಮನನ್ನೇ ಹೆಚ್ಚಿ ಉಪ್ಪಲ್ಲಿಟ್ಟು, ಪೈನ್ ಅಣಬೆ ಅಂತ ಊರಿಗೆ ಬಡಿಸ್ತೀನಿ. ಅದೂ ಉಳಿದಿರೋದು ಒಂದೇ ಕಡೆ ಕಣೆ. ಗೊತ್ತಾದ್ರೆ ಕೆದಕಿ ಹಾಳು ಮಾಡ್ತಾರೆ."

*

"ಆ ಕಡೆ ತೋಡು," ಎಂದಳು ಕಿನು. "ಇದನ್ನ ಮುಚ್ಚಿಬಿಡು. ಮೆತ್ತಗೆ."

"ಅಪ್ಪ ಅಮ್ಮನ ಸಾಲು ಬಿಟ್ಟಾ?" ಯಾಸೊಜಿಗೆ ಸಿಟ್ಟು ಬಂತು. "ದಾರಿ ಪಕ್ಕ, ಪರದೇಶಿ ಹಾಗೆ ಮಲಗಿಸ್ತೀರಾ ಅಣ್ಣನ್ನ?"

"ಹೌದು. ನನ್ನನ್ನೂ ಅಲ್ಲೇ ಮಲಗಿಸಿ."

ಯಾಸೊಜಿ ಮುಖ ತಿರುಗಿಸಿ ಗುಡ್ಡದ ನೆತ್ತಿಯ ಒಣ ಪೈನ್‌ಗಳನ್ನು ನೋಡುತ್ತ ನಿಂತ. ಕಿನು ಮಂಡಿಯೂರಿ, ಉಳಿದ ಬಿಳಿ ಹೆಂಟೆಗಳನ್ನು ಒಂದೊಂದಾಗಿ ಕೂರಿಸಿ ಮೇಲೆ ತರಗೆಲೆ ಎಳೆದಳು. ಕೆಳಗಿನಿಂದ ಹೆಣದ ಮುಂದೆ ಬಾರಿಸುವ ಗಂಟೆಯ ಸದ್ದು ಬೆಚ್ಚನೆಯ ಮಂಜಿನಲ್ಲಿ ತೇಲಿ ಬರುತ್ತಿತ್ತು.

ಯಾಸೊಜಿ ಕೈಹಿಡಿದು ಎಬ್ಬಿಸಲು ಬಂದಾಗ ಅವಳು ಅಣಬೆಯ ಘಮ ಹತ್ತಿದ್ದ ಎರಡೂ ಅಂಗೈಗಳನ್ನು ಕಿಮೊನೋದ ತೋಳಿನೊಳಗೆ ಎಳೆದುಕೊಂಡಳು.