ಮುನಿಗಂಗಮ್ಮನ ಸುಕ್ಕುಗಳು

ಜಯಕುಮಾರ್ ಸಾರ್‌ಗೆ ನಾನು ಬಲೆ ಬೀಸಿದ್ದು ನಿಜ. ಅದಕ್ಕೆ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ದೊಡ್ಡಬಳ್ಳಾಪುರದಲ್ಲಿ ಅವರದ್ದು ಮದುವೆ ವಿಡಿಯೋ ಸ್ಟುಡಿಯೋ. ಅಲ್ಲೇ ಮೂಲೆಯಲ್ಲಿ ಕೂತು ಮೂರು ವರ್ಷ ನಮ್ಮಜ್ಜಿ ಮುನಿಗಂಗಮ್ಮನ ಕಥೆಯನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿದೆ. ಹನ್ನೆರಡು ನಿಮಿಷದ ಅನಿಮೇಷನ್, ಸೆಕೆಂಡಿಗೆ ಹನ್ನೆರಡು ಚಿತ್ರ. ಎಂಟು ಸಾವಿರದ ಆರುನೂರ ನಲವತ್ತು ಹಾಳೆ. ಸಾರ್ ಕೊಟ್ಟಿದ್ದು ಒಂದು ಮೇಜು, ಒಂದು ಕಂಪ್ಯೂಟರು. ಚಿತ್ರೋತ್ಸವದಲ್ಲಿ ಬಹುಮಾನ ಬಂದಾಗ ಮಾತ್ರ ಅವರೇ ವೇದಿಕೆ ಹತ್ತಿ, "ಒಂದೊಂದು ಗೀಟೂ ನನ್ನ ಕೈಯದು" ಎಂದರು. ಪರದೆಯ ಮೇಲೆ ನನ್ನ ಹೆಸರೇ ಇರಲಿಲ್ಲ. ಕೇಳಿದ್ದಕ್ಕೆ, "ನಿಂಗ್ಯಾಕಮ್ಮ ಹೆಸ್ರು, ನಾಳೆ ಮದ್ವೆ ಆಗಿ ಹೋಗೋಳು" ಎಂದು ನಕ್ಕರು. ಅವತ್ತೇ ಕೆಲಸ ಬಿಟ್ಟೆ. ಎರಡು ವರ್ಷ ಹಲ್ಲು ಕಚ್ಚಿಕೊಂಡು ಕಾದೆ.

ಮೊನ್ನೆ ಅವರದೇ ಫೋನ್ ಬಂತು. ಬೆಂಗಳೂರಿನ ಅಕ್ಷತ ಎಂಬವರು ಆ ಚಿತ್ರವನ್ನು ಬ್ಲೂರೇ ಡಿಸ್ಕಿನಲ್ಲಿ ತರುತ್ತಾರಂತೆ. ಯಾವ ಫಾರ್ಮ್ಯಾಟಿನ ಫೈಲಿನಿಂದ ಡಿಸ್ಕ್ ಮಾಡಿದರೆ ಚಿತ್ರ ಕೆಡುವುದಿಲ್ಲ ಎಂದು ಕೇಳಿದ್ದಾರೆ. ಸಾರ್‌ಗೆ ಅದರ ತಲೆಬುಡ ಗೊತ್ತಿಲ್ಲ.

"ನೀನೇ ಬಂದು ನೋಡ್ಕೊಡು ಕವಿತ. ಹಳೇದೆಲ್ಲ ಮರ್ತ್‌ಬಿಡು."

ಮರೆಯುವ ಪೈಕಿ ನಾನಲ್ಲ. ಡಿಸ್ಕಿನ ಮೇಲೆ ಅವರ ಹೆಸರು ಅಚ್ಚಾಗಿಬಿಟ್ಟರೆ ನಮ್ಮಜ್ಜಿ ಎಂದೆಂದಿಗೂ ಅವರ ಪಾಲು. ಹಾಗಾಗಿ ಹೋದೆ.

ಎರಡು ತುಣುಕು ಮಾಡಿಕೊಂಡಿದ್ದೆ. ಒಂದು, ಸ್ಕ್ಯಾನ್ ಮಾಡಿದ ಹಾಳೆಗಳನ್ನು ಒಂದು ಚುಕ್ಕೆಯೂ ಕಳೆಯದೆ ಉಳಿಸಿದ್ದ ದೊಡ್ಡ ಫೈಲಿನಿಂದ. ಅದು ನನ್ನ ಹತ್ತಿರ ಮಾತ್ರ ಇತ್ತು. ಇನ್ನೊಂದು, ವಾಟ್ಸಾಪಿಗೆಂದು ಹಿಂಡಿ ಸಣ್ಣದು ಮಾಡಿದ್ದ ಫೈಲಿನಿಂದ. ಅದಕ್ಕೆ ನಯ ಮಾಡುವ ಫಿಲ್ಟರನ್ನೂ ಬಳಿದಿದ್ದೆ. ಇಪ್ಪತ್ತು ವರ್ಷ ಮದುಮಕ್ಕಳ ಮೊಡವೆ ಅಳಿಸಿ, ಕೆನ್ನೆಯನ್ನು ಬೆಣ್ಣೆ ಮಾಡಿಕೊಟ್ಟ ಸಾರ್ ಕಣ್ಣು ಯಾವುದನ್ನು ಆರಿಸುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಷತ ಮೇಡಂ ಬಂದು, ಸಾರ್ ಹೆಸರು ಹಾಕಿದ್ದ ಕರಾರು ಪತ್ರವನ್ನು ಅವರ ಕೈಗಿಟ್ಟು ಕೂತರು. ಅಜ್ಜಿ ಒಲೆ ಊದಿ ತಲೆ ಎತ್ತುವ ಜಾಗವನ್ನು ಟಿವಿಯಲ್ಲಿ ಅಕ್ಕಪಕ್ಕ ಹಾಕಿದೆ.

"ಬಿಡಿಸಿದೋರು ನೀವು. ನೀವೇ ಹೇಳಿ ಸಾರ್, ಯಾವುದು?" ಎಂದರು ಮೇಡಂ.

"ಎರಡ್ನೇದು! ಮುಖ ಎಷ್ಟು ಕ್ಲೀನಾಗೈತೆ ನೋಡಿ. ಮೊದಲ್ನೇದ್ರಲ್ಲಿ ಕೆನ್ನೆ ಮೇಲೆಲ್ಲ ಏನೋ ಕಸ ಬಂದ್ಬಿಟ್ಟೈತೆ. ತೆಗ್ಸಾಕಿ."

ಮೇಡಂ ಎದ್ದು ಟಿವಿಯ ಹತ್ತಿರ ಹೋದರು.

"ಇದು ಕಸ ಅಲ್ಲ ಸಾರ್, ಪೆನ್ಸಿಲ್ ಗೀಟು. ಅಜ್ಜಿ ಸುಕ್ಕು. ನೀವು ಬಿಡಿಸಿದ್ದು ನಿಮಗೇ ಗುರುತು ಸಿಗಲಿಲ್ವಾ?"

"ಕನ್ನಡಕ ತಂದಿಲ್ಲ" ಎಂದರು ಸಾರ್. ಕನ್ನಡಕ ಮೂಗಿನ ಮೇಲೇ ಇತ್ತು.

ಮೇಡಂ ನನ್ನ ಕಡೆ ತಿರುಗಿದರು. "ಎಡಗೆನ್ನೆ ಯಾಕೆ ಇಷ್ಟು ಒಳಗೆ ಹೋಗಿದೆ?"

"ಆ ಕಡೆ ಹಲ್ಲಿರ್ಲಿಲ್ಲ ಮೇಡಂ. ಊದಿ ಉಸ್ರು ಎಳ್ಕೊಂಡಾಗ ಹಂಗೇ ಆಗ್ತಿತ್ತು ನಮ್ಮಜ್ಜಿಗೆ."

ಅವರು ಸಾರ್ ಮುಂದೆ ಕೈ ಚಾಚಿದರು. "ಡಿಸ್ಕ್ ಮೊದಲನೇದರಿಂದಲೇ ಆಗತ್ತೆ. ಆ ಕರಾರು ಪತ್ರ ವಾಪಸ್ ಕೊಡಿ. ಹೆಸರು ಬದಲಾಯಿಸಬೇಕು."

ಮೇಡಂ ಕಾರು ಹತ್ತಿದ ಮೇಲೆ ಸಾರ್ ಬಾಗಿಲಿಗೆ ಒರಗಿ ನಿಂತರು. "ನನ್ ಮರ್ಯಾದೆ ತೆಗ್ದ್‌ಬಿಟ್ಟಲ್ಲ ಕವಿತ. ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"

ಬಸ್ಸಿಗೆ ಹೊತ್ತಾಗಿತ್ತು. ಆದರೂ ಅವರ ಮುಖವನ್ನು ಕಣ್ತುಂಬ ನೋಡಿಕೊಂಡೇ ಅಲ್ಲಿಂದ ಹೊರಟೆ.