ಸಿಕ್ಕಿಬೀಳುವ ಕೆಲಸ

"ಬೇವರ್ಸಿ, ನಿನಗೆ ಸಿಕ್ಕಿಬೀಳ್ಲಿಕ್ಕೂ ಬರುದಿಲ್ವಾ?"

ಲತೀಶ ನನ್ನ ಕುತ್ತಿಗೆ ಹಿಡಿದು ಬೋಟು ನಿಲ್ಲುವ ಧಕ್ಕೆಯ ಕಾಂಕ್ರೀಟಿನ ಮೇಲೆ ಮೊಣಕಾಲೂರಿಸಿದ. ಒಡೆದ ಚಿಪ್ಪೊಂದು ಮಂಡಿಗೆ ಚುಚ್ಚಿತು.

"ಕೈ ತಲೆ ಮೇಲೆ. ಹಾಂ, ಹಾಗೆ. ನಾಳೆ ಹತ್ತು ಗಂಟೆಗೆ ಹೀಗೇ. ಮೋರೆಯಲ್ಲಿ ಸ್ವಲ್ಪ ಹೆದರಿಕೆ ತೋರ್ಸು ಮಾರಾಯ. ನೋಡಿದ್ರೆ ನೀನೇ ನಮ್ಮನ್ನು ಹಿಡ್ಕೊಂಡು ಹೋಗುವ ಹಾಗೆ ಉಂಟು."

ಬಲೆ ಹೆಣೆಯುತ್ತಿದ್ದವರು ನಕ್ಕರು. ನನ್ನ ಪಕ್ಕದಲ್ಲಿ ಕಜೆಟನಂಕಲ್ ಆಗಲೇ ಮೊಣಕಾಲೂರಿದ್ದರು. ಐವತ್ತಾರು ವರ್ಷ, ಬೋಟಿನ ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಅವರ ಸಮ ಯಾರೂ ಇಲ್ಲ.

ಲತೀಶ ನಮ್ಮ ಬೆಂಗ್ರೆಯವನೇ. ಮೂರು ಬೋಟಿನ ಧಣಿ. ಈಗ ಕಡಲು ಕಾಯುವ ಸರಕಾರಿ ಬೋಟುಗಳಿಗೆ ಆಳು ಪೂರೈಸುವ ಕಂಟ್ರಾಕ್ಟೂ ಅವನದೇ. ಬೋಟು ಸರಕಾರದ್ದು, ಬಂದೂಕು ಸರಕಾರದ್ದು, ಚುಕ್ಕಾಣಿ ಹಿಡಿಯುವವರು ಮಾತ್ರ ಲತೀಶನ ಆಳುಗಳು. ಆ ಆಳುಗಳಲ್ಲಿ ಒಬ್ಬನಾಗಲು ನಾನು ಹನ್ನೊಂದು ತಿಂಗಳಿಂದ ಅವನ ಹಿಂದೆ ತಿರುಗುತ್ತಿದ್ದೆ. ಹತ್ತನೇ ಪಾಸಾಗಿರಬೇಕು ಎಂಬ ರೂಲ್ಸು ಉಂಟು. ನಾನು ಒಂಬತ್ತರಲ್ಲೇ ಬಿಟ್ಟವನು. "ಅದನ್ನು ನಾನು ನೋಡ್ಕೊಳ್ತೇನೆ" ಎಂದು ಆಧಾರಿನ ಜೆರಾಕ್ಸ್, ಎರಡು ಫೋಟೊ, ಖಾಲಿ ಹಾಳೆಯ ಮೇಲೆ ನಾಲ್ಕು ಸಹಿ ತೆಗೆದುಕೊಂಡ. ಅಂದಿನಿಂದ ಅವನ ಬೋಟುಗಳ ತಳಕ್ಕೆ ಅಂಟಿದ ಚಿಪ್ಪು ಹೆರೆದೆ, ಐಸು ಹೊತ್ತೆ, ಅವನ ಮಗಳ ಸ್ಕೂಟರನ್ನು ಸರ್ವಿಸಿಗೆ ಕೊಟ್ಟು ಬಂದೆ. ಎಲ್ಲ ಪುಕ್ಕಟೆ. ಮುಂದಿನ ತಿಂಗಳು ನನಗೆ ಇಪ್ಪತ್ತೆಂಟು ತುಂಬುತ್ತದೆ. ಆಮೇಲೆ ಅರ್ಜಿಯನ್ನೇ ಮುಟ್ಟುವುದಿಲ್ಲವಂತೆ. ಇಂಜಿನ್ ಕೆಲಸಕ್ಕೆ ವಯಸ್ಸಿನ ಲೆಕ್ಕ ಇಲ್ಲ ಎಂದು ಕಜೆಟನಂಕಲಿನ ಹತ್ತಿರವೂ ಹೀಗೇ ಫೋಟೊ, ಸಹಿ ತೆಗೆದುಕೊಂಡಿದ್ದ.

ವರ್ಷಕ್ಕೊಮ್ಮೆ ಕರಾವಳಿ ಪೊಲೀಸ್ ಇಲಾಖೆಯವರು ಅಣಕು ಕಾರ್ಯಾಚರಣೆ ಮಾಡುತ್ತಾರೆ. ಇಬ್ಬರು ಕಡಲಿನಿಂದ ಉಗ್ರರಂತೆ ಬರಬೇಕು, ಇವರು ಹಿಡಿಯಬೇಕು. ಈ ಸಲ ಉಗ್ರರನ್ನೂ ಲತೀಶನೇ ಸಪ್ಲೈ ಮಾಡಿದ. "ಒಳ್ಳೆದು ಮಾಡಿದ್ರೆ ಕೆಲಸ ನಿಮ್ಮದು" ಎಂದಿದ್ದ.

ನಾವು ಒಳ್ಳೆಯದೇ ಮಾಡಿದೆವು. ಅದೇ ತಪ್ಪಾದದ್ದು.

ನಿನ್ನೆ ಇಲಾಖೆಯವರೆಲ್ಲ ಹೊಳೆ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ದುರ್ಬೀನು ಹಿಡಿದು ಕಾಯುತ್ತಿದ್ದರು. ನೀರು ಏರುವ ಹೊತ್ತು. ನಾವು ಇಂಜಿನ್ ಆಫ್ ಮಾಡಿ, ಚಿಕ್ಕಂದಿನಿಂದ ಮಾಡುವ ಹಾಗೆ, ಮೊಣಕಾಲುದ್ದ ನೀರಿನ ಮರಳ ದಿಬ್ಬದ ಮೇಲಿಂದ ದೋಣಿ ಜಾರಿಸಿ ಹೊಳೆಗೆ ಬಂದೆವು. ಇಲಾಖೆಯ ಸಾಹೇಬರು ದಡದ ಶಾಮಿಯಾನದಲ್ಲಿ ಇಡ್ಲಿ ತಿನ್ನುತ್ತಿದ್ದರು. ನಾನು ಎದುರು ನಿಂತು, "ಸರ್, ಬಂದೆವು" ಎಂದೆ. ಚಪ್ಪಾಳೆ ತಟ್ಟುತ್ತಾರೆ ಅಂದುಕೊಂಡಿದ್ದೆ. ಸಾಹೇಬರ ಕೈಯಿಂದ ಸಾಂಬಾರು ತೊಟ್ಟಿಕ್ಕುತ್ತಿತ್ತು. ಸಂಜೆಯೊಳಗೆ ಕಾವಲಿನ ಇಬ್ಬರು ಪೇದೆಗಳಿಗೆ ಮೆಮೊ ಹೋಯಿತು. ನಾಳೆ ಮತ್ತೆ ಮಾಡಬೇಕಂತೆ, ಟಿವಿಯವರ ಎದುರು.

ಧಕ್ಕೆಯಿಂದ ಮನೆಗೆ ಬಂದಾಗ ಅಮ್ಮ ಚಮಚದಲ್ಲಿ ಗಂಜಿ ಉಣ್ಣುತ್ತಿದ್ದಳು. ಹದಿನಾರು ವರ್ಷ ಐಸಿನೊಳಗೆ ಸಿಗಡಿ ಸುಲಿದ ಕೈ ಅವಳದು. ಬೆರಳ ಸಂದುಗಳೆಲ್ಲ ಕೊಳೆತು ನೀರು ಒಸರುತ್ತದೆ. "ಇದು ಎಕ್ಸ್‌ಪೋರ್ಟ್ ಮಾಲು ಮೋಹಿನಿ, ನೀನು ಮುಟ್ಟಿದ್ರೆ ರಿಜೆಕ್ಟ್ ಆಗ್ತದೆ" ಎಂದು ಶೆಡ್ಡಿನವರು ಹೋದ ತಿಂಗಳು ಕಳಿಸಿಬಿಟ್ಟಿದ್ದರು.

"ಅರ್ಧ ಗಂಟೆ ಮೊಣಕಾಲೂರುದಲ್ವಾ ಮಗಾ?"

"ಒದೀತಾರೆ ಅಮ್ಮ."

"ಒದೀಲಿ. ನಿನ್ನಪ್ಪ ನನಗೆ ಸುಮ್ಮನೆ ಒದ್ದದ್ದು. ಇವರು ಒದ್ದ ಮೇಲೆ ಕೆಲಸ ಆದ್ರೂ ಕೊಡ್ತಾರೆ."

ಮರುದಿನ ಬೆಳಿಗ್ಗೆ ಲತೀಶ ಒಂದು ಚೀಲ ತಂದ. ಅದರಲ್ಲಿ ಎರಡು ಚೌಕುಳಿ ಶಾಲು, ನಾಟಕದವರ ಎರಡು ಗಡ್ಡ.

"ಇದೆಂತಕ್ಕೆ?" ಎಂದೆ.

"ನೀವು ಯಾರು ಅಂತ ಟಿವಿ ನೋಡುವವರಿಗೆ ಗೊತ್ತಾಗ್ಬೇಡ್ವಾ?"

"ನನ್ನ ಕೊರಳಲ್ಲಿ ಕ್ರಾಸ್ ಉಂಟಲ್ಲ ಲತೀಶ" ಎಂದರು ಕಜೆಟನಂಕಲ್, ಗಡ್ಡ ತಿರುಗಿಸಿ ನೋಡುತ್ತ.

"ಅಂಗಿಯ ಒಳಗೆ ಹಾಕಿ, ಸಾಯ್ಲಿ!"

ನೀರಿಗಿಳಿಯುವ ಮೊದಲು ಹೆಸರು ಬರೆಸಬೇಕಿತ್ತು. ಮೇಜಿನ ಹತ್ತಿರ ಒಬ್ಬ ಹೊಸ ಪೇದೆ, ಘಟ್ಟದ ಮೇಲಿನವನು, ದಪ್ಪ ಪುಸ್ತಕ ಬಿಡಿಸಿ ಕುಳಿತಿದ್ದ.

"ಹೆಸರು?"

"ಕಿಟ್ಟು."

"ಆಧಾರ್‌ನಾಗಿರೋದು ಹೇಳಲೇ."

"ಕೃಷ್ಣ ಸಾಲ್ಯಾನ್. ಬೆಂಗ್ರೆ."

ಅವನು ಪುಟ ತಿರುಗಿಸಿದ. ನನ್ನ ಮುಖ ನೋಡಿದ, ಮತ್ತೆ ಪುಟ ನೋಡಿದ. "ನೀನು ನಮ್ಮ ಎರಡನೇ ಬೋಟಿನ ಸ್ಟಾಫ್ ಅಲ್ವೇನೋ? ಡ್ಯೂಟಿ ಬಿಟ್ಟು ಉಗ್ರ ಆಗಾಕ್ ಬಂದೀಯಾ?"

ನಾನು ಬಗ್ಗಿದೆ. ಅಲ್ಲಿ ನನ್ನ ಫೋಟೊ ಇತ್ತು. ಹತ್ತು ತಿಂಗಳ ಹಾಜರಿ ಇತ್ತು. ದಿನಕ್ಕೊಂದು ಸಹಿ, ನನ್ನದಕ್ಕಿಂತ ಚಂದದ ಅಕ್ಷರ. ಕೆಳಗಿನ ಗೆರೆಯಲ್ಲಿ ಕಜೆಟನ್ ಡಿಸೋಜ. ಪುಟದ ಬುಡದಲ್ಲಿ ಯಾರೋ ಸಾಹೇಬರ ಸಹಿ, ಮೊಹರು. ಎರಡನೇ ಬೋಟು ಇಂಜಿನ್ ಕೆಟ್ಟು ದಡದಲ್ಲಿ ಮಲಗಿ ವರ್ಷವಾಗುತ್ತ ಬಂತು. ಅದರೊಳಗೆ ನಾಯಿ ಮರಿ ಹಾಕಿದೆ.

ಲತೀಶ ಓಡಿಬಂದು ಪುಸ್ತಕ ಮುಚ್ಚಿದ. "ಹೆಸರು ಒಂದೇ ಸರ್, ಜನ ಬೇರೆ. ಬೆಂಗ್ರೆಯಲ್ಲಿ ಕಿಟ್ಟು ಎಷ್ಟು ಬೇಕು ನಿಮಗೆ?" ನನ್ನ ತೋಳು ಹಿಡಿದು ಆಚೆ ಎಳೆದ. "ಬಾಯಿ ಮುಚ್ಚಿಕೊಂಡಿದ್ರೆ ಸಂಜೆ ಆರ್ಡರ್ ಕೈಗೆ ಕೊಡ್ತೇನೆ. ತೆರೆದ್ಯಾ, ಈ ಕರಾವಳಿಯಲ್ಲಿ ಯಾವ ಬೋಟಿಗೂ ನಿನ್ನನ್ನು ಹತ್ತಿಸ್ಲಿಕ್ಕಿಲ್ಲ. ಅಮ್ಮನ ಕೈಗೆ ಮದ್ದು ಬೇಡ್ವಾ?"

ನಾನು ಬಾಯಿ ಮುಚ್ಚಿದೆ. ಗಡ್ಡ ಕಟ್ಟಿಕೊಂಡೆ.

ದೋಣಿಯಲ್ಲಿ ಕಜೆಟನಂಕಲ್ ಕ್ರಾಸನ್ನು ಅಂಗಿಯ ಒಳಗೆ ಸೇರಿಸಿದರು. ಆಮೇಲೆ, "ಹತ್ತು ತಿಂಗಳು ಡ್ಯೂಟಿ ಕಿಟ್ಟು. ಒಂದು ರಜೆ ಹಾಕ್ಲಿಲ್ಲ ನಾವು. ಈಸ್ಟರಿಗೂ" ಎಂದರು.

ಸಿಕ್ಕಿಬಿದ್ದೆವು. ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ. ದೋಣಿಯಿಂದ ಎಳೆದು ಮರಳಿಗೆ ಕೆಡವಿದರು. ಬೆನ್ನಿಗೆ ಬೂಟು, ಕಿವಿಯ ಹತ್ತಿರ ಬಂದೂಕಿನ ನಳಿಗೆ. ಒಬ್ಬ ಕ್ಯಾಮೆರಾದವನಿಗೆ ಬಿಸಿಲು ಅಡ್ಡ ಬಂತಂತೆ, ಇನ್ನೊಮ್ಮೆ ಕೆಡವಿದರು. ಹೊಳೆ ದಾಟಿಸುವ ಫೆರಿ ನಿಧಾನ ಮಾಡಿಸಿ ಜನ ಮೊಬೈಲು ಎತ್ತಿ ಹಿಡಿದಿದ್ದರು. ಮೂರನೇ ಸಲ ಕಜೆಟನಂಕಲಿನ ಮೊಣಕಾಲು ಕಲ್ಲಿಗೆ ಬಡಿಯಿತು. "ಜೆಜು!" ಎಂದು ಏಸುವನ್ನು ಕೂಗಿದರು.

"ಕಟ್, ಕಟ್. ಉಗ್ರ ಜೆಜು ಅಂದ್ರೆ ಹೇಗೆ ಮಾರಾಯ್ರೆ?" ಎಂದ ಟಿವಿಯವನು. ಸಾಹೇಬರೂ ನಕ್ಕರು.

ನಾಲ್ಕನೇ ಸಲ ಎಲ್ಲ ಸರಿಯಾಯಿತು. ಮೈಕುಗಳು ಹತ್ತಿರ ಬಂದವು. ಸಾಹೇಬರು ಟೋಪಿ ಸರಿಮಾಡಿಕೊಂಡು ನನ್ನ ಕೂದಲು ಹಿಡಿದು ಮುಖ ಎತ್ತಿದರು.

"ಹೇಳೋ! ಯಾರು ಕಳಿಸಿದ್ದು ನಿನ್ನನ್ನು?"

ಇಲ್ಲಿ ತಲೆ ತಗ್ಗಿಸಿ ಸುಮ್ಮನಿರಬೇಕು. ಲತೀಶ ಹೇಳಿಕೊಟ್ಟದ್ದು ಅಷ್ಟೇ. ಪಕ್ಕದಲ್ಲಿ ಕಜೆಟನಂಕಲಿನ ಪ್ಯಾಂಟಿನ ಮಂಡಿಯಲ್ಲಿ ರಕ್ತ ಹರಡುತ್ತಿತ್ತು.

"ಲತೀಶ, ಸರ್."

ಯಾರೋ ನಕ್ಕರು.

"ಅಗೋ ಅಲ್ಲಿ, ಬಿಳಿ ಅಂಗಿ. ಅವನೇ ಕಳಿಸಿದ್ದು. ನಾನು ಬೆಂಗ್ರೆಯ ಕಿಟ್ಟು ಸರ್, ನಿಮ್ಮ ಎರಡನೇ ಬೋಟಿನ ಸ್ಟಾಫ್. ಹತ್ತು ತಿಂಗಳಿಂದ ನನ್ನ ಸಂಬಳ ತಿಂತಾ ಇದ್ದಾನೆ ಬೋಳಿಮಗ. ಆ ಬೋಟು ಓಡುದೇ ಇಲ್ಲ. ನಿಮ್ಮ ಪುಸ್ತಕ ನೋಡಿ. ಕೆಳಗೆ ಸಹಿ ಹಾಕಿದ್ದು ಯಾವ ಸಾಹೇಬರು, ಅದನ್ನೂ ಓದಿ ಹೇಳಿ!"

"ಕಜೆಟನ್ ಡಿಸೋಜ" ಎಂದರು ಅಂಕಲ್, ಮರಳಿನಿಂದ ತಲೆ ಎತ್ತಿ. "ಅದೇ ಬೋಟು."

ಸಾಹೇಬರು ಲತೀಶನ ಕಡೆ ನೋಡಲೇ ಇಲ್ಲ. "ಕ್ಯಾಮೆರಾ ಆಫ್ ಮಾಡ್ರಿ" ಎಂದರು. ಎರಡು ಕ್ಯಾಮೆರಾ ಕೆಳಗಿಳಿದವು. ಒಂದು ಇಳಿಯಲಿಲ್ಲ.

ಲತೀಶ ಜನರನ್ನು ತಳ್ಳಿಕೊಂಡು ಬಂದ. ನಗುತ್ತಲೇ ಬಂದ. "ಓವರ್ ಆಕ್ಟಿಂಗ್ ಸರ್! ಹುಡುಗನಿಗೆ ತಲೆ ಸರಿ ಇಲ್ಲ" ಎನ್ನುತ್ತ ಉಂಗುರದ ಕೈಯಿಂದ ನನ್ನ ಬಾಯಿ ಒತ್ತಿ ಹಿಡಿದ. ಸೆಂಟಿನ ವಾಸನೆ. ಗಡ್ಡದ ಕೂದಲೆಲ್ಲ ಬಾಯೊಳಗೆ ಬಂತು. ಅದರ ಸಮೇತ ಅವನ ಅಂಗೈಯ ಮೆತ್ತನೆಯ ಮಾಂಸ ಹಲ್ಲಿಗೆ ಸಿಕ್ಕಿತು.

ಕಚ್ಚಿದೆ.

ಅವನು ಹೆಂಗಸಿನಂತೆ ಕಿರುಚಿದ. ಬೂಟು ಪಕ್ಕೆಗೆ ಬಿತ್ತು, ಮತ್ತೆ ಬಿತ್ತು. ಈ ಸಲ ಯಾರೂ ಕಟ್ ಅನ್ನಲಿಲ್ಲ. ಬಾಯಿ ತುಂಬ ಉಪ್ಪು. ನಾನು ಹಲ್ಲು ಬಿಡಲಿಲ್ಲ.