ಮನಿ ಖಾಲಿ

ಬೆಕ್ಕಿಗೆ ಬುದ್ಧಿ ಕಲಿಸುವುದೆಂದರೇನು ಅಂತ ಯಾರಾದರೂ ಮಂಗಸೂಳಿಯ ಗಂಗೂಬಾಯಿಯನ್ನು ಕೇಳಬೇಕು. ಪಡಸಾಲೆಯ ದಿವಾನ ಮಂಚದ ಮೇಲಿಂದ ಒಂದು ಬೆಕ್ಕನ್ನು ಕೆಳಗಿಳಿಸಲು ಆಕೆ ಪಡದ ಪಾಡಿಲ್ಲ. ನೀರು ಚಿಮುಕಿಸಿದಳು, ಅದು ಹನಿ ನೆಕ್ಕಿಕೊಂಡು ಅಲ್ಲೇ ಮಗ್ಗಲು ಬದಲಿಸಿತು. ಲಿಂಬೆಯ ಸಿಪ್ಪೆ ಇಟ್ಟಳು. ಅದನ್ನೇ ಉರುಳಿಸಿ ಆಟ ಆಡಿತು. ಕೋಲು ಎತ್ತೋಣವೆಂದರೆ ಜೈನರ ಮನೆ, ಇರುವೆಗೂ ದಾರಿ ಬಿಟ್ಟು ನಡೆಯುವ ಜನ. "ಎಲ್ಲಿ ಗಂಟ ಬಿತ್ತಪಾ ಇದು!" ಎಂದು ಹಣೆ ಬಡಿದುಕೊಂಡದ್ದೇ ಬಂತು.

ಬೆಕ್ಕು ಸೊಸೆ ಮೇಘಾಳದು. ಸಾಂಗಲಿ ಕಡೆಯ ಮರಾಠಿ ಮಾತಿನ ಹುಡುಗಿ, ಮದುವೆಯಾಗಿ ಬರುವಾಗ ಬುಟ್ಟಿಯಲ್ಲಿ ಅದನ್ನೂ ತಂದಿದ್ದಳು. ಹೆಸರು ಮನಿ. ಮರಾಠಿಯವರು ಬೆಕ್ಕನ್ನು ಮುದ್ದಿನಿಂದ ಹಾಗೆ ಕರೆಯುತ್ತಾರೆ. "ಬೆಕ್ಕಿಗೆ ಮನಿ ಅಂದ್ರ, ನಾವಿರೂ ಮನಿಗೆ ಏನ್ ಅನ್ನೂಣು?" ಎಂದು ಗಂಗೂಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಗ ನಗು ಬರುವ ದಿನಗಳಿದ್ದವು.

ಮೂರನೇ ವರ್ಷಕ್ಕೆ ಮೇಘಾಳಿಗೆ ರಕ್ತದ ಕ್ಯಾನ್ಸರ್ ಎಂದರು. ಮಿರಜದ ದವಾಖಾನೆಯಿಂದ ಕರೆತಂದು, ಗಾಳಿ ಬೆಳಕು ಇರಲಿ ಎಂದು ಪಡಸಾಲೆಯ ದಿವಾನದ ಮೇಲೆ ಮಲಗಿಸಿದರು. ಬೆಕ್ಕಿನ ಒಂದು ಉಗುರು ತಾಕಿದರೂ ಈ ಮೈ ತಡೆಯಲಾರದು, ಹಾಸಿಗೆಯ ಮೇಲೆ ಅದನ್ನು ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಬೆಕ್ಕಿಗೇನು ಗೊತ್ತು ಡಾಕ್ಟರರ ಮಾತು? ಒಡತಿಯ ಕಾಲ ಬಳಿ ಮುದುಡಿ ಮಲಗುವುದೊಂದೇ ಅದಕ್ಕೆ ಗೊತ್ತು.

"ತವನಪ್ಪ ಕಾಕಾನ ತ್ವಾಟಕ್ಕ ಬಿಟ್ಟ ಬರ್ತೀನಿ," ಎಂದ ಮಗ ಅಭಿನಂದನ.

ಮೇಘಾಳ ಕಣ್ಣು ತುಂಬಿತು. "ಅತ್ತೀ, ಎಂಟ ದಿವಸ ಕೊಡ್ರಿ. ನಾ ಕಲಸ್ತೀನಿ. ಅದಿಲ್ಲಂದ್ರ ನನಗ ಹೊತ್ತರ ಹ್ಯಾಂಗ ಹೋಗಬೇಕ್ರಿ?"

"ಆತು, ಎಂಟ ದಿನ. ಒಂಬತ್ತನೇ ದಿನ ದಿವಾನದ ಮ್ಯಾಲ ಕಂಡ್ರ ಚೀಲದಾಗ ಹಾಕೂದ," ಎಂದಳು ಗಂಗೂಬಾಯಿ. ಮಾತು ಬಿರುಸಾಗಿತ್ತು, ಮನಸ್ಸು ಮಾತ್ರ ಬೆಕ್ಕು ಕಲಿಯಲಿ ದೇವರೇ ಎನ್ನುತ್ತಿತ್ತು.

ಆರನೇ ದಿನ ಸಂಜೆ ಆಕೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಿಂದ ಮೇಘಾಳ ಸಣ್ಣ ದನಿ ಕೇಳಿತು: "ಮನಿ, ಖಾಲಿ! ಮನಿ, ಖಾಲಿ!"

ಬಡಿಯುವ ಕೈ ನಿಂತಿತು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಗಡಿಯ ಊರಿನ ಗಂಗೂಬಾಯಿಗೆ ಅದೇನು ತಿಳಿಯದ್ದಲ್ಲ, ಸಂತೆಯಲ್ಲಿ ಆಕೆಯ ಅರ್ಧ ಮಾತು ಮರಾಠಿಯೇ. ಆದರೆ ಒಲೆಯ ಮುಂದೆ ಕೂತ ಕಿವಿಗೆ ಕೇಳಿದ್ದು ಅಪ್ಪಟ ಕನ್ನಡ. ಖಾಲಿ ಎನ್ನುವುದು ಅಪಶಕುನವೆಂದು, ಸಕ್ಕರೆ ಡಬ್ಬಿ ಬರಿದಾದರೂ 'ಹೆಚ್ಚಾಗೇತಿ' ಎನ್ನುವ ಹೆಂಗಸು ಆಕೆ. ಈಗ ನೋಡಿದರೆ ಸೊಸೆ ಜಡ್ಡಿನ ಹಾಸಿಗೆಯಲ್ಲಿ ಕೂತು, ದೀಪ ಹಚ್ಚುವ ಹೊತ್ತಿನಲ್ಲಿ, ಮನೆ ಖಾಲಿ ಮನೆ ಖಾಲಿ ಎಂದು ಕೂಗುತ್ತಿದ್ದಾಳೆ!

ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಬಾಯಿ ಮುಚ್ಚ! ಮೂರಸಂಜ್ಯಾಗ ಎಂಥಾ ಮಾತ ಆಡ್ತಿ?"

ಮೇಘಾಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು. "ಅತ್ತೀ, ಕಲೀತ್ರಿ! ನೋಡ್ರಿಲ್ಲೆ, ಇಳೀತು! ನಮ್ಮ ಭಾಷಾದಾಗ ಖಾಲಿ ಅಂದ್ರ..."

"ನನಗ ಗೊತ್ತೈತಿ. ಮನ್ಯಾಗಿನ ವಾಸ್ತು ದೇವತಿಗೆ ಗೊತ್ತೈತೇನು? ಅದು ತಥಾಸ್ತು ಅಂದಬಿಟ್ರ? ಇನ್ನ ಆ ಮಾತ ಈ ಮನ್ಯಾಗ ಬ್ಯಾಡ. ಇಳಿ ಅನ್ನು, ಸಾಕು."

ಮಂಚದ ಕಾಲಿನ ಬಳಿ ಮುಖ ಮೇಲೆತ್ತಿ ಕೂತಿದ್ದ ಬೆಕ್ಕನ್ನು ಗಂಗೂಬಾಯಿ ಸರಿಯಾಗಿ ನೋಡಲೂ ಇಲ್ಲ.

ಮರುದಿನದಿಂದ ಮೇಘಾ ಇಳಿ, ಇಳಿ ಎಂದಳು. ಬೆಕ್ಕಿಗೆ ಅದು ಇಲಿ ಎಂದು ಕೇಳಿತೋ ಏನೋ, ಕಿವಿ ನಿಮಿರಿಸಿಕೊಂಡು ಹಾಸಿಗೆಯ ಮೇಲೇ ಕೂತಿತು. ಒಂಬತ್ತನೇ ದಿನ ಬೆಳಿಗ್ಗೆಯೂ ಆಕೆಯ ಕಾಲ ಬಳಿಯೇ ಇತ್ತು. ಅಭಿನಂದನ ಅದನ್ನು ಚೀಲಕ್ಕೆ ಹಾಕುವಾಗ ಮೇಘಾ ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಇಪ್ಪತ್ತು ದಿನಕ್ಕೆ ತೀರಿಹೋದಳು.

ಸಾವಿನ ಮನೆಯವರನ್ನು ಮಾತಾಡಿಸಲು ಬರುವ ಬೀಗರು ನೆಂಟರು ಬಂದು ಹೋಗಿಯಾದ ಮೇಲೆ ಒಂದು ಮಧ್ಯಾಹ್ನ ಬೆಕ್ಕು ತೋಟದಿಂದ ತಾನೇ ನಡೆದು ಬಂತು. ಪಕ್ಕೆಲುಬು ಕಾಣುತ್ತಿತ್ತು, ಒಂದು ಕಿವಿ ಹರಿದಿತ್ತು. ಸೀದಾ ದಿವಾನ ಹತ್ತಿ, ಮೇಘಾಳ ಕಾಲಿರುತ್ತಿದ್ದ ಜಾಗದಲ್ಲಿ ಎರಡು ಸುತ್ತು ಸುತ್ತಿ ಮಲಗಿತು. ಗಂಗೂಬಾಯಿ ತಡೆಯಲಿಲ್ಲ. ಹಾಲು ತಂದು ಅಲ್ಲೇ ಇಟ್ಟಳು.

ಪಕ್ಕದ ಮನೆಯ ಸಕ್ಕುಬಾಯಿ ಬಂದವಳು ಬೆರಗಾದಳು. "ಏನ್ರಿ ಇದು, ಬೆಕ್ಕ ಹಾಸಿಗಿ ಮ್ಯಾಲ?"

"ಇರಲಿ ಬಿಡ್ರಿ. ಯಾರ ಸಲುವಾಗಿ ಇಳಸ್ಲಿ ಇನ್ನ?" ಎಂದಳು ಗಂಗೂಬಾಯಿ. ಇಷ್ಟು ದಿನ ಕಚ್ಚಿ ಹಿಡಿದಿದ್ದ ಮಾತು ತಾನಾಗಿ ಹೊರಬಿತ್ತು. "ನಮ್ಮ ಮನಿ ಖಾಲಿ ಆತ್ರಿ, ಸಕ್ಕುಬಾಯಿ. ಮನಿ ಖಾಲಿ ಆತು."

ಬೆಕ್ಕು ಎದ್ದಿತು. ಹಾಲು ಅರ್ಧಕ್ಕೇ ಬಿಟ್ಟು ಕೆಳಗೆ ಹಾರಿತು. ಮಂಚದ ಕಾಲಿನ ಬಳಿ ಕೂತು, ದಿಂಬಿನ ಕಡೆ ಮುಖ ಎತ್ತಿತು. ಅಂದು ಸಂಜೆ ಕೂತಿದ್ದ ಹಾಗೆಯೇ.

"ಅಯ್ಯ ನನ್ನವ್ವಾ," ಎಂದಳು ಗಂಗೂಬಾಯಿ. "ಕಲ್ತಿತ್ತು. ಪೂರಾ ಕಲ್ತಿತ್ತು ಇದು. ನಾನ ಬಿಡಲಿಲ್ಲ."

ಎರಡೂ ಕೈಯಿಂದ ಹಾಸಿಗೆ ತಟ್ಟಿದಳು. "ಬಾ, ಮ್ಯಾಲ ಬಾ." ಅದು ಬರಲಿಲ್ಲ. ಮಗುವನ್ನು ಕರೆಯುವಂತೆ ಮರಾಠಿಯಲ್ಲಿ ಕರೆದಳು: "ಮನಿ, ವರ ಯೇ. ವರ ಯೇ, ಬಾಳಾ." ಅದು ದಿಂಬನ್ನೇ ನೋಡುತ್ತ ಕೂತಿತ್ತು. ಮೇಲೆ ಬಾ ಎನ್ನುವ ಮಾತನ್ನು ಮೇಘಾ ಅದಕ್ಕೆ ಕಲಿಸಿರಲಿಲ್ಲ.